'ದ' ಎಂಬ ವಿಭಕ್ತಿ: ಡಿವಿಲಿಯರ್ಸ್ ಎಂಬ ಅಡ್ಡಹೆಸರು ನಡೆದ ದಾರಿ

2011ರಿಂದ ಮುಂದಿನ ಹಲವು ವರ್ಷ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಒಂದೇ ಗಂಟಲಾಗಿ ಕೂಗಿದ ಮೂರು ಅಕ್ಷರಗಳಿವೆ: ಎ, ಬಿ, ಡಿ. ದಕ್ಷಿಣ ಆಫ್ರಿಕಾದಿಂದ ಬಂದು ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡಕ್ಕೆ ಆಡಿದ ಬ್ಯಾಟ್ಸ್‌ಮನ್ನನ ಹೆಸರದು. ಎ ಎಂದರೆ ಅಬ್ರಹಾಂ, ಬಿ ಎಂದರೆ ಬೆಂಜಮಿನ್. ಡಿ ಎಂದರೆ ಡಿವಿಲಿಯರ್ಸ್ ಎಂದು ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ಆ ಹೆಸರನ್ನು ಬಿಡಿಸಿ ನೋಡಿದರೆ ಅಲ್ಲಿರುವ 'ಡಿ' ಹೆಸರೇ ಅಲ್ಲ. ಅದು ಫ್ರೆಂಚ್ ಭಾಷೆಯ 'ದ' ಎಂಬ ಪುಟ್ಟ ಪದ. ಅರ್ಥ, 'ಇಂತಲ್ಲಿಂದ', 'ಇಂಥ ಕಡೆಯ'. ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ' ಎಂದು ರಾಗ ಎಳೆದು ಬಾಯಿಪಾಠ ಮಾಡಿದ್ದೆವಲ್ಲ, ಅದರಲ್ಲಿ ಐದನೆಯದಕ್ಕೆ ಹತ್ತಿರದ್ದು. ತುಂಬಿದ ಕ್ರೀಡಾಂಗಣವೊಂದು ಪಂಚಮೀ ವಿಭಕ್ತಿಗೆ ಜೈಕಾರ ಹಾಕಿತು ಎಂದರೆ ಕನ್ನಡ ಮೇಷ್ಟರಿಗೆ ಅದಕ್ಕಿಂತ ಸಂತೋಷ ಇನ್ನೇನು ಬೇಕು?

ಫ್ರಾನ್ಸಿನ ಈ ವಿಭಕ್ತಿ ದಕ್ಷಿಣ ಆಫ್ರಿಕಾದ ಉತ್ತರದ ಬಯಲುಗಳವರೆಗೆ ಹೇಗೆ ಹೋಯಿತು, ದಾರಿಯಲ್ಲಿ ಏನೇನು ಕಳೆದುಕೊಂಡಿತು, ಏನನ್ನು ಕೈಬಿಡದೆ ಉಳಿಸಿಕೊಂಡಿತು ಎಂಬುದೇ ಇಲ್ಲಿನ ಪ್ರಕರಣ. ಒಂದು ಅಡ್ಡಹೆಸರಿನ ಜಾಡು ಹಿಡಿಯುವವರು ಎಲ್ಲೆಲ್ಲಿ ಮೋಸಹೋಗುತ್ತಾರೆ ಎಂಬುದನ್ನೂ ಇದು ಚೆನ್ನಾಗಿ ತೋರಿಸುತ್ತದೆ.

ಹೊಸಹಳ್ಳಿಯ ತೊಂದರೆ

ಮೊದಲು ಪದ. ಲ್ಯಾಟಿನ್ನಿನಲ್ಲಿ 'ವಿಲ್ಲಾ' ಎಂದರೆ ಜಮೀನು, ಮನೆ, ಕಣ, ಕೊಟ್ಟಿಗೆ ಎಲ್ಲ ಸೇರಿದ ದೊಡ್ಡ ಹಿಡುವಳಿ. ಅದಕ್ಕೆ ಸೇರಿದ ಹೊರಗಿನ ಒಕ್ಕಲುಮನೆಗಳ ಗುಂಪನ್ನು 'ವಿಲ್ಲಾರೆ' ಎಂದರು. ಅದೇ ಸವೆದು ವಿಲ್ಲೆರ್, ವಿಲ್ಲಿಯೇ, ವಿಲ್ಲಿಯರ್ಸ್ ಆಯಿತು. ಇಂಗ್ಲಿಷಿನ ವಿಲೇಜ್ ಕೂಡ ಇದೇ ಬೇರಿನದು. ಸಿನಿಮಾದಲ್ಲಿ ಮೀಸೆ ತಿರುವುವ ವಿಲನ್ ಸಹ ಹುಟ್ಟಿನಲ್ಲಿ ಬರೀ ಹಳ್ಳಿಗ. ಪೇಟೆಯವರು ಕಣ್ಣು ಕೆಂಪು ಮಾಡಿ ನೋಡಿ ನೋಡಿ ಅವನನ್ನು ಖಳನಾಯಕ ಮಾಡಿದರು. ಹಾಗಾಗಿ ದ ವಿಲ್ಲಿಯರ್ಸ್ ಎಂಬುದನ್ನು ಕನ್ನಡಕ್ಕೆ ತಂದರೆ 'ಹಳ್ಳಿಕಡೆಯವ' ಎಂದಾಗುತ್ತದೆ. ಹೆಸರಿನ ಮುಂದೆ 'ದ' ಕಂಡ ತಕ್ಷಣ ಅರಮನೆ, ಪಲ್ಲಕ್ಕಿ ನೆನೆಯುವವರಿದ್ದಾರೆ. ಫ್ರಾನ್ಸಿನ ಕುಲೀನರ ಹೆಸರುಗಳಲ್ಲಿ 'ದ' ಇರುವುದು ನಿಜ. ಆದರೆ 'ದ' ಇದ್ದವರೆಲ್ಲ ಕುಲೀನರಲ್ಲ. ಊರ ಹೆಸರು ಹೊತ್ತ ಬಡಗಿಗೂ ಒಕ್ಕಲಿಗನಿಗೂ ಅದೇ 'ದ'.

ಇನ್ನೊಂದು ಸೂಕ್ಷ್ಮವಿದೆ. ಒಬ್ಬನಿಗೆ ಊರಿನ ಹೆಸರು ಅಂಟುವುದು ಊರಲ್ಲಿ ಇದ್ದಾಗಲ್ಲ, ಊರು ಬಿಟ್ಟಾಗ. ಹೊಸಹಳ್ಳಿಯೊಳಗೆ ಯಾರನ್ನೂ ಹೊಸಹಳ್ಳಿಯವನು ಎಂದು ಕರೆಯುವುದಿಲ್ಲ, ಅಲ್ಲಿ ಎಲ್ಲರೂ ಹೊಸಹಳ್ಳಿಯವರೇ. ಪಕ್ಕದ ಪೇಟೆಗೆ ಹೋಗಿ ನೆಲೆಸಿದ ದಿನ ಅವನು 'ಹೊಸಹಳ್ಳಿಯವನು' ಆಗುತ್ತಾನೆ. ಫ್ರಾನ್ಸಿನಲ್ಲಿ ಹೆಚ್ಚುಕಡಿಮೆ ಹನ್ನೊಂದರಿಂದ ಹದಿಮೂರನೆಯ ಶತಮಾನದ ನಡುವೆ ಇಂಥ ಗುರುತುಗಳು ತಂದೆಯಿಂದ ಮಕ್ಕಳಿಗೆ ಇಳಿದು ಮನೆತನದ ಹೆಸರುಗಳಾದವು. ಎಂದರೆ ದ ವಿಲ್ಲಿಯರ್ಸ್ ಎಂಬ ಹೆಸರು ಹುಟ್ಟಿದ್ದೇ ಒಂದು ವಲಸೆಯಿಂದ. ಯಾವನೋ ಒಬ್ಬ ವಿಲ್ಲಿಯರ್ಸ್ ಬಿಟ್ಟು ಹೊರಟ. ಹತ್ತು ಮೈಲಿ ಆಚೆಗಿರಬಹುದು, ಮೂವತ್ತು ಮೈಲಿ ಇರಬಹುದು. ಸಮುದ್ರ ದಾಟಿದ್ದು ಎಷ್ಟೋ ತಲೆಮಾರಿನ ನಂತರದ ಮಾತು.

ಹಾಗಾದರೆ ಯಾವ ವಿಲ್ಲಿಯರ್ಸ್? ಕರ್ನಾಟಕದಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕು ಹುಡುಕುವುದು ಕಷ್ಟ. ಫ್ರಾನ್ಸಿನಲ್ಲಿ ವಿಲ್ಲಿಯರ್ಸ್ ಕಥೆಯೂ ಹಾಗೆಯೇ. ಪ್ಯಾರಿಸ್ಸಿನ ಸುತ್ತಲೇ ವಿಲ್ಲಿಯರ್ಸ್-ಸುರ್-ಮಾರ್ನ್, ವಿಲ್ಲಿಯರ್ಸ್-ಲ-ಬೆಲ್ ಇವೆ. ವಿಲ್ಲೆರ್ ಎಂಬ ರೂಪವನ್ನೂ ಸೇರಿಸಿದರೆ ಲೆಕ್ಕ ಇನ್ನೂ ಉದ್ದ. 1539ರಲ್ಲಿ ಒಂದನೆಯ ಫ್ರಾನ್ಸಿಸ್ ದೊರೆ ಪಾದ್ರಿಗಳು ದೀಕ್ಷಾಸ್ನಾನದ ದಾಖಲೆ ಪುಸ್ತಕ ಇಡಬೇಕು, ಕೋರ್ಟಿನ ಕಾಗದಗಳು ಫ್ರೆಂಚ್ ಭಾಷೆಯಲ್ಲೇ ಇರಬೇಕು ಎಂದು ಆಜ್ಞೆ ಹೊರಡಿಸಿದ. ಇಂದು ಫ್ರೆಂಚ್ ಮನೆತನಗಳ ಬೇರು ಹುಡುಕುವವರಿಗೆಲ್ಲ ಆ ಆಜ್ಞೆಯೇ ಅನ್ನದಾತ. ಅದು ಹೊರಟ ಊರು ವಿಲ್ಲೆರ್-ಕೊತ್ರೆ. ಅದೂ ಒಂದು 'ಹಳ್ಳಿ'ಯೇ!

ಬೇರೆ ಬೇರೆ ಹಳ್ಳಿಗಳಿಂದ ಹೊರಟವರಿಗೆಲ್ಲ ಒಂದೇ ಹೆಸರು ಬಿತ್ತು. ಆದ್ದರಿಂದ ಹೆಸರು ಒಂದೇ ಎಂದು ನೆಂಟಸ್ತನ ಕಟ್ಟುವ ಹಾಗಿಲ್ಲ. 1522ರಲ್ಲಿ ತುರ್ಕರ ಎದುರು ರೋಡ್ಸ್ ದ್ವೀಪವನ್ನು ಕಾಯ್ದುಕೊಳ್ಳಲು ಹೆಣಗಿದ ಸೇಂಟ್ ಜಾನ್ ಎಂಬ ಕ್ರೈಸ್ತ ಯೋಧರ ಪಂಗಡದ ಮುಖ್ಯಸ್ಥ ಫಿಲಿಪ್ ವಿಲ್ಲಿಯರ್ಸ್ ದ ಲೀಲ್-ಆದಾಂ. ಇಂಗ್ಲೆಂಡಿನಲ್ಲಿ ದೊರೆಯ ಕಣ್ಮಣಿಯಾಗಿ ಮೆರೆದ ಬಕಿಂಗ್‌ಹ್ಯಾಮ್ ಡ್ಯೂಕ್ ಜಾರ್ಜ್ ವಿಲ್ಲಿಯರ್ಸ್. 1754ರಲ್ಲಿ ಉತ್ತರ ಅಮೆರಿಕದ ಕಾಡಿನಲ್ಲಿ ತರುಣ ಜಾರ್ಜ್ ವಾಷಿಂಗ್ಟನ್ನನ ಕೈಯಲ್ಲಿ ಶರಣಾಗತಿ ಬರೆಸಿಕೊಂಡ ಫ್ರೆಂಚ್ ಸೇನಾಧಿಕಾರಿ ಲೂಯಿ ಕೂಲೋಂ ದ ವಿಲ್ಲಿಯರ್ಸ್. ಇವರಲ್ಲಿ ಯಾರನ್ನಾದರೂ ಹಿಡಿದು ಎಬಿಡಿಯ ಮುತ್ತಜ್ಜನ ಸಾಲಿಗೆ ನಿಲ್ಲಿಸುವುದು ಎಂದರೆ ಊರು ಕಂಡಲ್ಲೆಲ್ಲ ಸೋದರಮಾವನನ್ನು ಹುಡುಕಿದ ಹಾಗೆ. ಅಡ್ಡಹೆಸರನ್ನು ನಂಬಬಾರದು, ಹಡಗಿನ ಪಟ್ಟಿ, ಜಮೀನಿನ ಪತ್ರ, ಮದುವೆಯ ದಾಖಲೆ ಇವನ್ನು ನಂಬಬೇಕು. ಕೇಪಿನ, ಎಂದರೆ ಆಫ್ರಿಕಾದ ದಕ್ಷಿಣ ತುದಿಯ ಗುಡ್ ಹೋಪ್ ಭೂಶಿರದ, ಡಿವಿಲಿಯರ್ಸ್ ಮನೆತನದ ಪುಣ್ಯವೆಂದರೆ ಆ ಮೂರೂ ಸಿಕ್ಕಿವೆ.

ಲಾ ರೋಶೆಲ್‌ನಲ್ಲಿ ಒಬ್ಬ ದು ಪ್ಲೆಸಿ

ಕೇಪಿಗೆ ಹೋದವರು ಮೂವರು ಅಣ್ಣತಮ್ಮಂದಿರು: ಪಿಯೇರ್, ಅಬ್ರಹಾಂ, ಜಾಕ್. ಅವರು ಅಟ್ಲಾಂಟಿಕ್ ಕರಾವಳಿಯ ಲಾ ರೋಶೆಲ್ ಕಡೆಯವರು ಎಂಬುದು ರೂಢಿಯ ಮಾತು. ಲಾ ರೋಶೆಲ್ ಎಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರ, ಅಂದರೆ ಹ್ಯೂಗೆನಾಟರ, ಕೋಟೆ. 1598ರಲ್ಲಿ ನಾಲ್ಕನೆಯ ಹೆನ್ರಿ ನಾಂತ್ ಶಾಸನದ ಮೂಲಕ ಅವರಿಗೆ ಪೂಜೆಯ ಹಕ್ಕನ್ನೂ ಕೆಲವು ಕೋಟೆಪಟ್ಟಣಗಳನ್ನೂ ಕೊಟ್ಟಿದ್ದ. ಮೂವತ್ತು ವರ್ಷ ತುಂಬುವಷ್ಟರಲ್ಲಿ ಅವನ ಮಗನ ಮಂತ್ರಿ, ಕಾರ್ಡಿನಲ್ ರಿಶಲ್ಯೂ, ಲಾ ರೋಶೆಲ್‌ಗೆ ಮುತ್ತಿಗೆ ಹಾಕಿದ. ಬಂದರಿನ ಬಾಯಿಗೆ ಅಡ್ಡಲಾಗಿ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಲ್ಲಿನ ಒಡ್ಡು ಕಟ್ಟಿಸಿ ಊರನ್ನು ಹಸಿವಿಗೆ ಕೆಡವಿದ. 1628ರ ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ಸುಮಾರು ಇಪ್ಪತ್ತೇಳು ಸಾವಿರ ಜನರಿದ್ದ ಊರಿನಲ್ಲಿ ಐದಾರು ಸಾವಿರ ಮಾತ್ರ ಉಳಿದಿದ್ದರು.

ಇಲ್ಲಿ ಒಂದು ತಮಾಷೆ. ರಿಶಲ್ಯೂ ಎಂಬುದು ಪದವಿಯ ಹೆಸರು. ಆತನ ಮನೆತನದ ಹೆಸರು ದು ಪ್ಲೆಸಿ. ಪೂರ್ತಿಯಾಗಿ ಅರ್ಮಾಂ ಜಾಂ ದು ಪ್ಲೆಸಿ. ಆ ಊರಿನ ನೆರವಿಗೆಂದು 1627ರಲ್ಲಿ ಹಡಗುಪಡೆ ತಂದು, ಎದುರಿನ ರೆ ದ್ವೀಪದಲ್ಲಿ ಪೆಟ್ಟು ತಿಂದು ಹಿಂದಿರುಗಿದವನು ಅದೇ ಬಕಿಂಗ್‌ಹ್ಯಾಮಿನ ಜಾರ್ಜ್ ವಿಲ್ಲಿಯರ್ಸ್. ಒಬ್ಬ ದು ಪ್ಲೆಸಿ, ಒಬ್ಬ ವಿಲ್ಲಿಯರ್ಸ್, ಲಾ ರೋಶೆಲ್‌ನ ಗೋಡೆಯ ಎರಡು ಕಡೆ. ಸುಮಾರು ನಾನೂರು ವರ್ಷದ ನಂತರ ಪ್ರಿಟೋರಿಯಾದ ಒಂದೇ ಶಾಲೆಯಲ್ಲಿ ಕಲಿತ ಎಬಿ ಡಿವಿಲಿಯರ್ಸ್ ಮತ್ತು ಫಾಫ್ ಡು ಪ್ಲೆಸಿ ಇಬ್ಬರೂ ಒಬ್ಬರ ಹಿಂದೊಬ್ಬರು ಬೆಂಗಳೂರಿನ ಕೆಂಪು ಅಂಗಿ ತೊಟ್ಟರು. ಮೊದಲನೆಯವರು 2021ರಲ್ಲಿ ನಿವೃತ್ತರಾದರು, ಎರಡನೆಯವರು 2022ರಿಂದ ಮೂರು ವರ್ಷ ನಾಯಕರಾದರು. ಇದು ಹೆಸರಿನ ಆಟವೇ ಹೊರತು ರಕ್ತದ ನಂಟಲ್ಲ, ಈಗಷ್ಟೇ ಎಚ್ಚರಿಸಿದ್ದೇನೆ. ಆದರೂ ಇಂಥದ್ದು ಕಂಡಾಗ ಸುಮ್ಮನಿರುವುದು ಕಷ್ಟ. ಅಂದಹಾಗೆ 'ಪ್ಲೆಸಿ' ಎಂದರೆ ಹೆಣೆದ ಕೊಂಬೆಗಳ ಬೇಲಿ, ಬೇಲಿ ಹಾಕಿದ ಆವರಣ. ಒಬ್ಬ ಹಳ್ಳಿಯವ, ಇನ್ನೊಬ್ಬ ಬೇಲಿಯವ.

ಕೋಟೆ ಬಿದ್ದರೂ ಪೂಜೆಯ ಹಕ್ಕು ಇನ್ನೂ ಉಳಿದಿತ್ತು. ಅದನ್ನು ಹದಿನಾಲ್ಕನೆಯ ಲೂಯಿ ಚೂರುಚೂರಾಗಿ ಕತ್ತರಿಸಿದ. 1681ರಿಂದ ಪ್ವಾತು ಪ್ರಾಂತದಲ್ಲಿ ಸೈನಿಕರನ್ನು ಹ್ಯೂಗೆನಾಟರ ಮನೆಗಳಲ್ಲೇ ಬಿಡಾರ ಹೂಡಿಸಿದರು. ಸೈನಿಕ ಉಣ್ಣುವುದು ಮನೆಯವರದ್ದು, ಒಡೆಯುವುದು ಮನೆಯವರದ್ದು, ಮಲಗುವುದು ಮನೆಯವರ ಹಾಸಿಗೆಯಲ್ಲಿ. ಮತ ಬದಲಿಸಿದ ದಿನ ಅವನು ಎದ್ದು ಪಕ್ಕದ ಮನೆಗೆ ಹೋಗುತ್ತಾನೆ. 1685ರ ಅಕ್ಟೋಬರಿನಲ್ಲಿ ನಾಂತ್ ಶಾಸನವನ್ನೇ ರದ್ದು ಮಾಡಿದರು. ಪಾದ್ರಿಗಳು ಹದಿನೈದು ದಿನದಲ್ಲಿ ದೇಶ ಬಿಡಬೇಕು. ಉಳಿದವರು ದೇಶ ಬಿಡಲೇಬಾರದು. ಸಿಕ್ಕಿಬಿದ್ದ ಗಂಡಸು ಹುಟ್ಟು ಹಾಕುವ ಹಡಗಿನ ಸರಪಳಿಗೆ, ಹೆಂಗಸು ಸೆರೆಮನೆಗೆ ಅಥವಾ ಸನ್ಯಾಸಿನಿಯರ ಮಠಕ್ಕೆ. ಹಾಗಿದ್ದೂ ಒಂದೂವರೆ ಲಕ್ಷದಿಂದ ಎರಡು ಲಕ್ಷ ಜನ ಕಳ್ಳದಾರಿ ಹಿಡಿದು ಹೊರಬಿದ್ದರು ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹಳ ಮಂದಿಗೆ ಮೊದಲ ನೆರಳು ಸಿಕ್ಕಿದ್ದು ಹಾಲೆಂಡಿನಲ್ಲಿ.

ಡೆಲ್ಫ್ಟ್‌ನ ಶಿಫಾರಸು ಪತ್ರ

ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಆಗ ಬೇರೆಯದೇ ತಲೆನೋವು. ಗುಡ್ ಹೋಪ್ ಭೂಶಿರದ ನೆಲೆಯಲ್ಲಿ ಪೂರ್ವಕ್ಕೆ ಹೋಗುವ ಹಡಗುಗಳಿಗೆ ತರಕಾರಿ, ಮಾಂಸ, ದ್ರಾಕ್ಷಾರಸ ಬೇಕು; ಅಲ್ಲಿ ಬೇಸಾಯ ಮಾಡುವ ಬಿಳಿಯರು ಬೆರಳೆಣಿಕೆಯಷ್ಟು. 1659ರಿಂದ ಕೇಪಿನಲ್ಲಿ ದ್ರಾಕ್ಷಾರಸ ತೆಗೆಯುತ್ತಿದ್ದರು, ಆದರೆ ಅದರ ರುಚಿಯನ್ನು ಹೊಗಳಿದವರು ಕಡಿಮೆ. ಕೆಲಸ ಬಲ್ಲ, ಹಿಂದಿರುಗಲು ಊರೇ ಇಲ್ಲದ, ಕ್ಯಾಥೊಲಿಕ್ ದೊರೆಯನ್ನು ದ್ವೇಷಿಸುವ ಫ್ರೆಂಚ್ ನಿರಾಶ್ರಿತರು ಕಂಪನಿಯ ಕಣ್ಣಿಗೆ ಬಿದ್ದದ್ದು ಸಹಜ. ಕರಾರು ಹೀಗಿತ್ತು: ಹಡಗಿನ ಪ್ರಯಾಣ ಪುಕ್ಕಟೆ, ಕಂಪನಿಗೆ ನಿಷ್ಠೆಯ ಪ್ರಮಾಣ, ಕನಿಷ್ಠ ಐದು ವರ್ಷ ಅಲ್ಲೇ ಇರಬೇಕು, ಉಳುವಷ್ಟು ಭೂಮಿ ಕೊಡಲಾಗುತ್ತದೆ, ಬೀಜ ಮತ್ತು ಸಲಕರಣೆ ಸಾಲವಾಗಿ ಸಿಗುತ್ತವೆ. 1688 ಮತ್ತು 1689ರಲ್ಲಿ ಕೆಲವೇ ಹಡಗುಗಳಲ್ಲಿ ಹೀಗೆ ಹೋದವರು ಇನ್ನೂರರ ಆಸುಪಾಸು. ಒಂದೂವರೆ ಲಕ್ಷದ ಪ್ರವಾಹದಲ್ಲಿ ಒಂದು ಬೊಗಸೆ ನೀರು.

ಈ ಬೊಗಸೆಯಲ್ಲಿ ಮೂವರು ಅಣ್ಣತಮ್ಮಂದಿರು ಬರೀ ಹೆಸರುಗಳಾಗಿ ಉಳಿಯದೆ ಮನುಷ್ಯರಾಗಿ ಕಾಣುವುದು ಒಂದು ಕಾಗದದಿಂದ. ಕಂಪನಿಯ ಡೆಲ್ಫ್ಟ್ ಶಾಖೆ 1688ರ ಡಿಸೆಂಬರ್ 16ರಂದು ಕೇಪಿನ ಆಡಳಿತದ ಮುಖ್ಯಸ್ಥನಿಗೆ ಬರೆದ ಪತ್ರವದು. ಈ ಹಡಗಿನಲ್ಲಿ ಮತ್ತಷ್ಟು ಫ್ರೆಂಚ್ ನಿರಾಶ್ರಿತರು ಬರುತ್ತಿದ್ದಾರೆ, ಅವರಲ್ಲಿ ಪಿಯೇರ್, ಅಬ್ರಹಾಂ, ಜಾಕೊಬ್ ದ ವಿಲ್ಲಿಯರ್ಸ್ ಎಂಬ ಮೂವರು ಸೋದರರಿದ್ದಾರೆ, ದ್ರಾಕ್ಷಿತೋಟ ಹಾಕುವುದರಲ್ಲೂ ನೋಡಿಕೊಳ್ಳುವುದರಲ್ಲೂ ಅವರಿಗೆ ಒಳ್ಳೆಯ ತಿಳಿವಳಿಕೆ ಇದೆ, ಅವರಿಗೆ ನೆರವಾಗಿ ಎಂಬುದು ಅದರ ಸಾರಾಂಶ. ಇಂದಿನ ಲೆಕ್ಕದಲ್ಲಿ ಹೇಳಿದರೆ ನುರಿತ ಕೆಲಸಗಾರರ ವೀಸಾ. ಧರ್ಮಕ್ಕಾಗಿ ದೇಶ ಬಿಟ್ಟವರು ಎಂದು ಸ್ಮಾರಕಗಳ ಮೇಲೆ ಕೆತ್ತುತ್ತಾರೆ, ಅದು ಸುಳ್ಳಲ್ಲ. ಆದರೆ ಕಂಪನಿಯ ಕಾಗದದಲ್ಲಿ ಧರ್ಮಕ್ಕಿಂತ ದ್ರಾಕ್ಷಿಬಳ್ಳಿಯೇ ಮುಂದೆ. ಜಾಕ್ ಆಗಲೇ ಜಾಕೊಬ್ ಆಗಿರುವುದನ್ನೂ ಗಮನಿಸಬೇಕು. ಹಡಗು ಹತ್ತುವ ಮುಂಚೆಯೇ ಡಚ್ ಗುಮಾಸ್ತನ ಲೇಖನಿ ಕೆಲಸ ಶುರುಮಾಡಿತ್ತು.

ಹಡಗಿನ ಹೆಸರು ಜಿಯಾನ್. 1689ರ ಜನವರಿ 8ಕ್ಕೆ ಹಾಲೆಂಡಿನ ಟೆಸೆಲ್ ಬಿಟ್ಟು, ಮೇ 6ಕ್ಕೆ ಕೇಪ್ ತಲುಪಿತು. ನಾಲ್ಕು ತಿಂಗಳು.

ಮೂರು ತೋಟ, ಇಬ್ಬರು ಅಕ್ಕತಂಗಿಯರು

ಕೇಪ್ ಟೌನಿನಿಂದ ಒಳನಾಡಿನ ಕಡೆ ಬೆಟ್ಟಗಳ ನಡುವೆ ಒಂದು ಮೂಲೆಯಿದೆ. ಆನೆಗಳು ಓಡಾಡುತ್ತಿದ್ದುದರಿಂದ ಡಚ್ಚರು ಅದನ್ನು ಒಲಿಫಾಂಟ್ಸ್‌ಹುಕ್, ಆನೆಮೂಲೆ, ಎನ್ನುತ್ತಿದ್ದರು. ಫ್ರೆಂಚರು ನೆಲೆಸಿದ ಮೇಲೆ ಅದು ಫ್ರಾನ್ಶ್‌ಹುಕ್, ಫ್ರೆಂಚ್‌ಮೂಲೆ, ಆಯಿತು. 1694ರ ಹೊತ್ತಿಗೆ ಮೂವರಿಗೂ ಅಲ್ಲಿ ಜಮೀನು ಸಿಕ್ಕಿತು. ಪಿಯೇರನ ತೋಟ ಬೂರ್ಗೋನ್ಯ್, ಅಬ್ರಹಾಮನದು ಶಾಂಪಾನ್ಯ್, ಜಾಕನದು ಲಾ ಬ್ರಿ.

ಈ ಮೂರು ಹೆಸರುಗಳ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿದೆ. ಮೂರೂ ಫ್ರಾನ್ಸಿನ ಪ್ರಾಂತಗಳ ಹೆಸರು. ಮೂರೂ ಪ್ಯಾರಿಸ್ಸಿನ ಪೂರ್ವ, ಆಗ್ನೇಯ ದಿಕ್ಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಸೀಮೆಗಳು. ಲಾ ರೋಶೆಲ್ ಇರುವುದು ಪಶ್ಚಿಮ ಕರಾವಳಿಯಲ್ಲಿ. ಪಕ್ಕದ ಹಿಡುವಳಿದಾರರು ಇಟ್ಟ ಪ್ರೊವಾನ್ಸ್, ದೊಫಿನೆ ಮುಂತಾದ ಹೆಸರುಗಳು ಅವರು ಬಿಟ್ಟುಬಂದ ಸೀಮೆಗಳ ನೆನಪು ಎಂದು ಓದುವ ರೂಢಿಯಿದೆ. ಅದೇ ಕನ್ನಡಕ ಹಾಕಿಕೊಂಡರೆ ಈ ಸೋದರರ ಹಿಂದಿನ ತಲೆಮಾರುಗಳು ಬ್ರಿ–ಶಾಂಪಾನ್ಯ್ ಕಡೆಯಿಂದ ಲಾ ರೋಶೆಲ್‌ಗೆ ಬಂದಿರಬಹುದೇ ಎಂಬ ಸಂಶಯ ಏಳುತ್ತದೆ. ವಿಲ್ಲಿಯರ್ಸ್ ಎಂಬ ಊರುಗಳು ಒತ್ತಾಗಿ ಕಾಣುವುದೂ ಆ ಕಡೆಯೇ. ದ್ರಾಕ್ಷಿ ಬೆಳೆಗಾರನೊಬ್ಬ ಬೂರ್ಗೋನ್ಯ್, ಶಾಂಪಾನ್ಯ್ ಎಂಬ ಹೆಸರಾಂತ ದ್ರಾಕ್ಷಾರಸದ ನಾಡುಗಳನ್ನು ಸುಮ್ಮನೆ ಶುಭಸೂಚಕವಾಗಿ ಆರಿಸಿಕೊಂಡಿರಬಹುದು ಎಂಬ ವಾದವೂ ಹಗುರವಲ್ಲ. ನಾನು ಮೊದಲನೆಯದಕ್ಕೆ ವಾಲುತ್ತೇನೆ, ಕಾರಣ ಬ್ರಿ. ಬ್ರಿ ಸೀಮೆಗೆ ಹೆಸರಿರುವುದು ಚೀಸಿಗೆ, ದ್ರಾಕ್ಷಾರಸಕ್ಕಲ್ಲ.

ಮದುವೆಗಳು ಇನ್ನೂ ಗಟ್ಟಿಯಾದ ದಾಖಲೆ. ಅಬ್ರಹಾಂ ಮತ್ತು ಜಾಕ್ ಮದುವೆಯಾದದ್ದು ಅಕ್ಕತಂಗಿಯರನ್ನು: ಸೂಸಾನ್ ಗಾರ್ದಿಯೋಲ್, ಮಾರ್ಗರೀತ್ ಗಾರ್ದಿಯೋಲ್. ಪಿಯೇರ್ ಕೈಹಿಡಿದದ್ದು ಇನ್ನೊಂದು ಹ್ಯೂಗೆನಾಟ್ ಮನೆತನವಾದ ತಾಯ್‌ಫೇರ್ ಮನೆಯ ಹೆಣ್ಣನ್ನು. ಇನ್ನೂರು ಜನರ ನಡುವೆ ಹೆಣ್ಣು–ಗಂಡು ಹುಡುಕಬೇಕಾದಾಗ ಇದೇ ಆಗುತ್ತದೆ. ನಮ್ಮ ಕಡೆ ಸೋದರತ್ತೆಯ ಮಗಳನ್ನು ಮನೆತುಂಬಿಸಿಕೊಂಡವರಿಗೆ ವಿವರಿಸಬೇಕಾಗಿಲ್ಲ. ಮೊದಲ ತಲೆಮಾರಿನಲ್ಲಿ ಫ್ರೆಂಚರೊಳಗೇ ಕೊಟ್ಟು ತಂದರು, ಮುಂದೆ ಡಚ್ ಮತ್ತು ಜರ್ಮನ್ ಮನೆಗಳ ಜೊತೆ ಬೆರೆತರು. ಮಕ್ಕಳು ತುಂಬಾ, ಬದುಕಿ ಉಳಿದವರೂ ತುಂಬಾ. ಆಸ್ತಿಯೂ ಬೆಳೆಯಿತು. 1715ರಲ್ಲಿ ಅಬ್ರಹಾಂ ಬೋಶೆಂಡಾಲ್ ಎಂಬ ತೋಟವನ್ನು ಕೊಂಡು, ಎರಡು ವರ್ಷದಲ್ಲಿ ಸೋದರ ಜಾಕ್‌ಗೆ ದಾಟಿಸಿದ. 1879ರವರೆಗೂ ಅದು ಡಿವಿಲಿಯರ್ಸ್ ಮನೆಯಲ್ಲೇ ಇತ್ತು. ಸುಣ್ಣ ಬಳಿದ ಗೋಡೆ, ಸುರುಳಿಯಾಕಾರದ ಮುಂಗೋಪುರದ ಆ ಮನೆಯನ್ನು ಇಂದಿಗೂ ಪ್ರವಾಸಿಗರು ಸಾಲುಗಟ್ಟಿ ನೋಡುತ್ತಾರೆ. ಈಗಿರುವ ರೂಪ 1812ರದು.

ನಾಲಿಗೆ ಬಿಟ್ಟದ್ದು, ಕಣ್ಣು ಉಳಿಸಿದ್ದು

ಫ್ರೆಂಚ್ ಭಾಷೆ ಮಾತ್ರ ಆಸ್ತಿಯಂತೆ ಬೆಳೆಯಲಿಲ್ಲ. ಬಂದವರ ಜೊತೆಗಿದ್ದ ಪಾದ್ರಿ ಪಿಯೇರ್ ಸಿಮೊಂ 1689ರಲ್ಲಿ ಫ್ರೆಂಚರಿಗೆ ಪ್ರತ್ಯೇಕ ಚರ್ಚ್ ಸಭೆ ಬೇಕೆಂದು ನಿಯೋಗ ಕರೆದುಕೊಂಡು ಹೋದಾಗ ಕೇಪಿನ ಮುಖ್ಯಸ್ಥ, ಮುಂದೆ ಗವರ್ನರ್ ಆದ, ಸೈಮನ್ ವಾನ್ ಡರ್ ಸ್ಟೆಲ್ ಕೆಂಡವಾದ. ಅವನು ಫ್ರೆಂಚರ ಜಮೀನುಗಳನ್ನು ಡಚ್ಚರ ಜಮೀನುಗಳ ನಡುನಡುವೆ ಹಂಚಿದ್ದೇ ಅವರು ಒಂದು ಗುಂಪಾಗಿ ನಿಲ್ಲದಿರಲಿ ಎಂದು. ಕೊನೆಗೆ 1691ರಲ್ಲಿ ಡ್ರಾಕೆನ್‌ಸ್ಟೈನಿನಲ್ಲಿ ಸಭೆ ಸಿಕ್ಕಿತು. ಆದರೆ 1701ರಲ್ಲಿ ಕಂಪನಿಯ ಆಡಳಿತದಿಂದ ಬಂದ ಆದೇಶ ಕಥೆಯನ್ನು ಮುಗಿಸಿತು: ಮುಂದಿನ ಪಾದ್ರಿಗೆ ಎರಡೂ ಭಾಷೆ ಬರಲಿ, ಆದರೆ ಮಕ್ಕಳಿಗೆ ಓದು ಬರಹ ಡಚ್ಚಿನಲ್ಲೇ. 1702ರಲ್ಲಿ ಸಿಮೊಂ ಕೇಪ್ ಬಿಟ್ಟು ಹೊರಟ. 1750ರ ದಶಕದ ಆರಂಭದಲ್ಲಿ ನಕ್ಷತ್ರ ನೋಡಲು ಕೇಪಿಗೆ ಬಂದ ಫ್ರೆಂಚ್ ಖಗೋಳಜ್ಞ ಲಾ ಕಾಯ್ ಕಂಡದ್ದು ನಲವತ್ತು ದಾಟಿದವರ ಬಾಯಲ್ಲಿ ಮಾತ್ರ ಉಳಿದ ಫ್ರೆಂಚನ್ನು. 1780ರ ದಶಕದಲ್ಲಿ ಬಂದ ಪ್ರವಾಸಿ ಲ ವಯ್ಯಾಂಗೆ ಫ್ರೆಂಚ್ ತಿಳಿಯುವ ಒಬ್ಬ ಮುದುಕ ಸಿಕ್ಕಿದನಂತೆ. ಮೊಮ್ಮಕ್ಕಳ ಕಾಲಕ್ಕೆ ಭಾಷೆ ಮುಗಿಯಿತು. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಓದಲು ಬಾರದ ಮಕ್ಕಳಿರುವ ಮನೆಗಳಲ್ಲಿ ಕುಳಿತು ಇದನ್ನು ಓದುವಾಗ ಅಚ್ಚರಿಯಾಗಬೇಕಿಲ್ಲ.

ಭಾಷೆ ಹೋದ ಮೇಲೆ ಹೆಸರಿಗೆ ಏನಾಗುತ್ತದೆ? ಕೇಪಿನಲ್ಲಿ ಎರಡು ಬಗೆ ಆಯಿತು. ಹಲವು ಹೆಸರುಗಳು ಕಿವಿಗೆ ಬಿದ್ದ ಹಾಗೆ ಹೊಸ ಕಾಗುಣಿತ ತೊಟ್ಟವು. ಕ್ರೋನಿಯೇ ಕ್ರೋನ್ಯೆ ಆಯಿತು. ದಕ್ಷಿಣ ಆಫ್ರಿಕಾದ ಕ್ರಿಕೆಟ್ ನಾಯಕನಾಗಿದ್ದ ಹ್ಯಾನ್ಸಿ ಕ್ರೋನ್ಯೆಯ ಹೆಸರು ಅದೇ. ಪಿನಾರ್ ಪೀನಾರ್ ಆಯಿತು, ರೂಸೊ ರೊಸ್ಸೌ ಆಯಿತು. ರೈಲಿ ರೊಸ್ಸೌ ಕೂಡ ಕೆಲಕಾಲ ಬೆಂಗಳೂರು ತಂಡದಲ್ಲಿದ್ದವರೇ! 1671ರಷ್ಟು ಹಿಂದೆಯೇ ಬಂದಿದ್ದ ಬಂಡಿ ಮಾಡುವ ಫ್ರಾನ್ಸ್ವಾ ವಿಲ್ಲಿಯೋಂನ ವಂಶ ಫಿಲ್ಯೂನ್ ಆಯಿತು. ಡಿವಿಲಿಯರ್ಸ್ ಜೊತೆ ಗೊಂದಲ ಮಾಡಿಕೊಳ್ಳಬಾರದ ಬೇರೆ ಮನೆತನವದು. ಎಲ್ಲಕ್ಕಿಂತ ಸೊಗಸಾದ ಮಾರ್ಪಾಡು ಲ ಕ್ಲೇರ್ ಡಿ ಕ್ಲರ್ಕ್ ಆದದ್ದು. ಫ್ರೆಂಚಿನ 'ಲ' ಎಂದರೆ ಇಂಗ್ಲಿಷಿನ 'ದಿ' ಇದ್ದ ಹಾಗೆ. ಡಚ್ಚಿನಲ್ಲಿ ಅದೇ ಕೆಲಸ ಮಾಡುವ ಪದ 'ಡ'. ಆದ್ದರಿಂದ ಹೆಸರು ಪೂರ್ತಿ ಅನುವಾದಗೊಂಡಿತು. ಮಂಡೇಲಾ ಅವರನ್ನು ಬಿಡುಗಡೆ ಮಾಡಿದ ಅಧ್ಯಕ್ಷ ಎಫ್. ಡಬ್ಲ್ಯು. ಡಿ ಕ್ಲರ್ಕ್ ಅವರ 'ಡಿ' ಡಚ್ಚಿನದು, ಎಬಿ ಡಿವಿಲಿಯರ್ಸ್ ಅವರ 'ಡಿ' ಫ್ರೆಂಚಿನದು. ಬರೆದಾಗ ಒಂದೇ ಅಕ್ಷರಗಳು, ವ್ಯಾಕರಣದಲ್ಲಿ ಪರಸ್ಪರ ಸಂಬಂಧವೇ ಇಲ್ಲ.

ಡಿವಿಲಿಯರ್ಸ್ ಎರಡನೆಯ ಬಗೆ. ಕಾಗುಣಿತ ಫ್ರಾನ್ಸಿನದೇ ಉಳಿಯಿತು, ಉಚ್ಚಾರ ಮಾತ್ರ ಹೋಯಿತು. ಫ್ರೆಂಚರು ಕೊನೆಯ ಅಕ್ಷರಗಳನ್ನು ನುಂಗಿ 'ದ ವಿಲ್ಯೇ' ಎನ್ನುತ್ತಾರೆ. ಕೇಪಿನ ಡಚ್ಚಿನಿಂದ ಹುಟ್ಟಿದ ಆಫ್ರಿಕಾನ್ಸ್ ಭಾಷೆಯ ನಾಲಿಗೆ 'ವ'ವನ್ನು 'ಫ' ಮಾಡಿ 'ದ ಫಿಲ್‌ಯೇ' ಎನ್ನುತ್ತದೆ. ಇಂಗ್ಲಿಷ್ ವೀಕ್ಷಕ ವಿವರಣೆಕಾರರು ಎಲ್ಲ ಅಕ್ಷರಕ್ಕೂ ಜೀವ ಕೊಟ್ಟು ಡಿವಿಲಿಯರ್ಸ್ ಎಂದರು, ನಾವು ಅವರಿಂದ ಕಲಿತೆವು. ಏಕೆ ಈ ಹೆಸರಿನ ಬರವಣಿಗೆ ಉಳಿಯಿತು? ಓದು ಬರಹವಿದ್ದ, ಆಸ್ತಿಪತ್ರಗಳ ಮೇಲೆ ಮತ್ತೆ ಮತ್ತೆ ತಾವೇ ರುಜು ಹಾಕಿದ ಮನೆತನಗಳಲ್ಲಿ ಹೆಸರು ಕಣ್ಣಿನ ವಶದಲ್ಲಿರುತ್ತದೆ, ಗುಮಾಸ್ತನ ಕಿವಿಯ ವಶದಲ್ಲಲ್ಲ. ಇದು ನನ್ನ ಊಹೆ. ಬೋಶೆಂಡಾಲಿನಂಥ ಆಸ್ತಿ ನೋಡಿದಾಗ ಬಲವಾಗುವ ಊಹೆ.

ಅದೇ ವಿಭಕ್ತಿ, ಬೇರೆ ಹಣೆಬರಹ

ಆ ತೋಟಗಳಲ್ಲಿ ದುಡಿದವರ ಹೆಸರುಗಳನ್ನು ಬಿಟ್ಟರೆ ಪ್ರಕರಣ ಅರ್ಧವಾಗುತ್ತದೆ. ಕೇಪಿನ ದ್ರಾಕ್ಷಿ ಬೆಳೆದದ್ದು ಗುಲಾಮರ ಬೆವರಿನಲ್ಲಿ. ಹ್ಯೂಗೆನಾಟ್ ಒಕ್ಕಲುಗಳೂ ಗುಲಾಮರನ್ನು ಇಟ್ಟುಕೊಂಡಿದ್ದವು. ಮಡಗಾಸ್ಕರ್, ಮೊಜಾಂಬಿಕ್, ಇಂಡೊನೇಷ್ಯಾದ ದ್ವೀಪಗಳಿಂದ ತಂದಂತೆಯೇ ಬಂಗಾಳ, ಮಲಬಾರ್, ಕೋರಮಂಡಲದಿಂದಲೂ ಜನರನ್ನು ಹಿಡಿದು, ಕೊಂಡು ತಂದರು. ಕಂಪನಿಯ ಪುಸ್ತಕದಲ್ಲಿ ಅವರಿಗೆ ಕೊಟ್ಟ ಹೆಸರು ವಾನ್ ಬೆಂಗಾಲೆನ್, ವಾನ್ ಮಲಬಾರ್. ಕೇಪಿನಲ್ಲೇ ಹುಟ್ಟಿದ ಮಗುವಾದರೆ ವಾನ್ ಡ ಕಾಪ್. 'ವಾನ್' ಎಂದರೂ 'ಇಂದ'ವೇ. ಫ್ರೆಂಚಿನ 'ದ' ಮಾಡುವ ಕೆಲಸವನ್ನು ಡಚ್ಚಿನಲ್ಲಿ ಅದು ಮಾಡುತ್ತದೆ.

ಒಂದೇ ಕಣಿವೆಯಲ್ಲಿ, ಒಂದೇ ವಿಭಕ್ತಿಯ ಎರಡು ಹೆಸರು. ಹೊಸಹಳ್ಳಿಯಂಥ ಯಾವುದೋ ಹಳ್ಳಿಯ ನೆನಪನ್ನು ಶತಮಾನಗಳ ಕಾಲ ಹೊತ್ತು ತಂದವನದು ಮನೆತನದ ಹೆಸರಾಗಿ ಉಳಿಯಿತು. ಬಂಗಾಳದ ನೆನಪು ಇನ್ನೂ ಹಸಿಯಾಗಿದ್ದವಳದು ಬರೀ ಗುರುತಿನ ಚೀಟಿ. ಬಹಳ ಕಡೆ ಮುಂದಿನ ತಲೆಮಾರಿಗೆ ದಾಟಲಿಲ್ಲ. 1834ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾಗುವ ಮೊದಲು ಎಷ್ಟೋ ಜನರಿಗೆ ತಿಂಗಳ ಹೆಸರಿಟ್ಟು ಕರೆದಿದ್ದರು. ಸೆಪ್ಟೆಂಬರ್, ಫೆಬ್ರವರಿ ಎಂಬ ಅಡ್ಡಹೆಸರುಗಳು ಕೇಪಿನಲ್ಲಿ ಇಂದಿಗೂ ಇವೆ. ಡಿವಿಲಿಯರ್ಸ್ ಎಂಬ ಹೆಸರೂ ಬಿಳಿಯರ ಸೊತ್ತಾಗಿ ಉಳಿದಿಲ್ಲ. 2008ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡಕ್ಕೆ ಮೊದಲ ಬಿಳಿಯೇತರ ಮುಖ್ಯ ತರಬೇತುದಾರರಾದವರು ಪಾರ್ಲ್ ಊರಿನ ಪೀಟರ್ ಡಿವಿಲಿಯರ್ಸ್.

ಬಿ3 ಸಿ2 ಡಿ5

ಇಷ್ಟೆಲ್ಲ ಬಿಡಿಸಿ ಹೇಳಲು ಸಾಧ್ಯವಾದದ್ದರ ಹಿಂದೆ ಅದೇ ಮನೆತನದ ಒಬ್ಬ ಇದ್ದಾನೆ. ಕ್ರಿಸ್ಟೊಫೆಲ್ ಕುಟ್ಸೆ ಡಿವಿಲಿಯರ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಹಳೆಯ ಮನೆತನಗಳ ದೀಕ್ಷಾಸ್ನಾನ, ಮದುವೆ ದಾಖಲೆಗಳನ್ನೆಲ್ಲ ಜಾಲಾಡಿ ವಂಶಾವಳಿ ಕಟ್ಟಿದ. 1887ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ತೀರಿಹೋದ. ಇತಿಹಾಸಕಾರ ಜಾರ್ಜ್ ಮೆಕಾಲ್ ಥೀಲ್ ಆ ಕೆಲಸವನ್ನು 1893–94ರಲ್ಲಿ ಮೂರು ಸಂಪುಟಗಳಾಗಿ ಹೊರತಂದ. 1966ರಲ್ಲಿ ವಂಶಾವಳಿ ತಜ್ಞ ಪಾಮಾ ಅದನ್ನು ಪರಿಷ್ಕರಿಸಿದ.

ಅಲ್ಲಿ ಬಳಸುವ ಗುರುತಿನ ಕ್ರಮ ಬಹಳ ಸರಳ. ಮೂಲಪುರುಷ ಎ. ಅವನ ಮಕ್ಕಳು ಬಿ, ಮೊಮ್ಮಕ್ಕಳು ಸಿ, ಮರಿಮಕ್ಕಳು ಡಿ. ಅಕ್ಷರದ ಪಕ್ಕದ ಸಂಖ್ಯೆ ಎಷ್ಟನೆಯ ಮಗು ಎಂಬುದನ್ನು ಹೇಳುತ್ತದೆ. ಬಿ3 ಸಿ2 ಡಿ5 ಎಂದರೆ ಮೂರನೆಯ ಮಗುವಿನ ಎರಡನೆಯ ಮಗುವಿನ ಐದನೆಯ ಮಗು. ಒಂದು ಸಾಲಿನ ಈ ವಿಳಾಸ ನೋಡಿದರೆ ಸಾಕು, ಆ ಮನುಷ್ಯ ಮರದ ಯಾವ ಕೊಂಬೆಯಲ್ಲಿ ಕುಳಿತಿದ್ದಾನೆ ಎಂದು ಗೊತ್ತಾಗುತ್ತದೆ. ನಮ್ಮ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರೂ ಊರು, ತಂದೆ, ತಾನು ಎಂದು ವಿಳಾಸವನ್ನೇ ಹೇಳುತ್ತದೆ. ಆದರೆ ಒಂದು ತಲೆಮಾರಿಗೆ ನಿಲ್ಲುತ್ತದೆ. ಪಾಮಾ ಕ್ರಮದವರ ಕಣ್ಣಿಗೆ 'ಎಬಿಡಿ' ಎಂಬ ಕೂಗು ಮಾತ್ರ ಕಿರಿಕಿರಿ ಮಾಡಬೇಕು: ಮೂಲಪುರುಷ, ಮಗ, ಆಮೇಲೆ ನೇರ ಮರಿಮಗ. ಸಿ ಎಲ್ಲಿ ಹೋದ?

ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರು ಕಣಿವೆ ಬಿಟ್ಟು ಹೊರಟಿತು. 1830ರ ದಶಕದಿಂದ ಬ್ರಿಟಿಷ್ ಆಳ್ವಿಕೆ ಬೇಡವೆಂದು ಎತ್ತಿನ ಬಂಡಿ ಕಟ್ಟಿ ಉತ್ತರಕ್ಕೆ ನಡೆದ ಬೋಯರರ, ಎಂದರೆ ಕೇಪಿನ ಡಚ್ ಮಾತಿನ ರೈತರ, ಹಾದಿಯಲ್ಲಿ ಅದು ಆರೆಂಜ್ ನದಿ ದಾಟಿತು, ವಾಲ್ ನದಿ ದಾಟಿತು. ಎಬಿಡಿ ಬೆಳೆದ ವಾರ್ಮ್‌ಬಾಡ್, ಈಗಿನ ಬೇಲಾ-ಬೇಲಾ, ಆ ಉತ್ತರದ ಸೀಮೆಯಲ್ಲೇ ಇದೆ. ಕೇಪಿನಲ್ಲಿ ಉಳಿದವರು ಬೇರೆ ಏಣಿ ಹತ್ತಿದರು. ಪಾರ್ಲ್‌ನಲ್ಲಿ ಹುಟ್ಟಿದ ಜಾನ್ ಹೆನ್ರಿ ಡಿವಿಲಿಯರ್ಸ್ ಕೇಪಿನ ಮುಖ್ಯ ನ್ಯಾಯಾಧೀಶನಾಗಿ, 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟದ ಮೊದಲ ಮುಖ್ಯ ನ್ಯಾಯಮೂರ್ತಿಯಾದ. 1921ರಲ್ಲಿ ಪಾದ್ರಿ ಮಾರ್ಟಿನಸ್ ಡಿವಿಲಿಯರ್ಸ್ ಹಾಕಿದ ರಾಗ ಇಂದಿನ ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆಯ ಆಫ್ರಿಕಾನ್ಸ್ ಭಾಗದಲ್ಲಿ ಕೇಳುತ್ತದೆ. ಅಡ್ಡಹೆಸರೇ ಮೊದಲ ಹೆಸರಾದದ್ದೂ ಉಂಟು. 1956ರಿಂದ ಎರಡು ದಶಕ ವಿರೋಧಪಕ್ಷದ ನಾಯಕರಾಗಿದ್ದ ಡಿವಿಲಿಯರ್ಸ್ ಗ್ರಾಫ್ ಅವರನ್ನು ನೋಡಿ. 'ಇಂತಲ್ಲಿಂದ' ಎಂಬುದೇ ತೊಟ್ಟಿಲ ಹೆಸರು.

ವಾಲ್ ನದಿಯ ದಕ್ಷಿಣ ದಡದಲ್ಲಿ, ಫ್ರೀ ಸ್ಟೇಟ್ ಪ್ರಾಂತದ ಅಂಚಿನಲ್ಲಿ, ಜೋಳದ ಹೊಲಗಳ ನಡುವೆ ಒಂದು ಸಣ್ಣ ಊರಿದೆ. 1882ರಲ್ಲಿ ಎರಡು ಜಮೀನುಗಳ ಮೇಲೆ ಅದನ್ನು ಕಟ್ಟಿದರು. ಜಮೀನಿನ ಒಡೆಯ ಒಬ್ಬ ಡಿವಿಲಿಯರ್ಸ್. ಊರಿಗೆ ಅವನ ಹೆಸರನ್ನೇ ಇಟ್ಟರು, ಮುಂದಿನ 'ಡಿ'ಯನ್ನು ಮಾತ್ರ ಕೈಬಿಟ್ಟರು. ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೋಗುವ ಹೆದ್ದಾರಿಯ ಫಲಕದ ಮೇಲೆ ಈಗ ಬರೆದಿರುವುದು ಬರೀ ವಿಲ್ಲಿಯರ್ಸ್. ಅಲ್ಲಿಂದ ಬೇರೆ ಊರಿಗೆ ಹೋಗಿ ನೆಲೆಸಿದವನನ್ನು ಫ್ರೆಂಚಿನಲ್ಲಿ ಕರೆಯಬೇಕಾದರೆ ಮತ್ತೆ 'ದ' ಸೇರಿಸಬೇಕಾಗುತ್ತದೆ.